ಗಡಿ ದಾಟಿದರೆ ಬೇರೆಯೇ ಶುಲ್ಕ

ಸುರತ್ಕಲ್‌ನ ಎನ್‌ಐಟಿಯಲ್ಲಿ ಅರ್ಧದಷ್ಟು ಸೀಟು ಕರ್ನಾಟಕದವರ ಪಾಲು. ಆದರೆ ಸೀಟು ಸಿಕ್ಕ ಮೇಲೆ ಊರು ಬಿಹಾರವೋ ಬೆಳಗಾವಿಯೋ ಎಂದು ನೋಡಿ ಶುಲ್ಕ ಬದಲಾಗುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸ್ವಂತ ರಾಜ್ಯದವರಿಗೆ ಒಂದು ದರ, ಹೊರರಾಜ್ಯದವರಿಗೆ ಇನ್ನೊಂದು. ಅಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲೂ ಮಕ್ಕಳು ಹೈಸ್ಕೂಲು ಮುಗಿಸುವ ಹೊತ್ತಿಗೆ ಈ ಲೆಕ್ಕಾಚಾರ ಶುರುವಾಗುತ್ತದೆ.

ಇದರ ಬೇರು ಹಳೆಯದು. 1862ರಲ್ಲಿ ಅಧ್ಯಕ್ಷ ಲಿಂಕನ್ ಸಹಿ ಹಾಕಿದ ಮೊರಿಲ್ ಕಾಯ್ದೆಯಂತೆ ಕೇಂದ್ರ ಸರ್ಕಾರ ರಾಜ್ಯಗಳಿಗೆ ಜಮೀನು ಕೊಟ್ಟಿತು. ಅದನ್ನು ಮಾರಿ ಬಂದ ಹಣದಿಂದ ಕೃಷಿ, ಯಂತ್ರವಿದ್ಯೆ ಕಲಿಸುವ ಕಾಲೇಜುಗಳು ಎದ್ದವು. ಮುಂದೆ ಅವನ್ನು ಸಾಕಿದ್ದು ರಾಜ್ಯದ ತೆರಿಗೆ. ತೆರಿಗೆ ಕಟ್ಟಿದವರ ಮಕ್ಕಳಿಗೆ ರಿಯಾಯಿತಿ ಎಂಬ ವಾದ ಹುಟ್ಟಿದ್ದು ಹೀಗೆ.

ಅಂತರವೇನೂ ಸಣ್ಣದಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2025ರಲ್ಲಿ ಸೇರಿದ ರಾಜ್ಯದ ವಿದ್ಯಾರ್ಥಿಗೆ ವರ್ಷಕ್ಕೆ ಸುಮಾರು 15 ಸಾವಿರ ಡಾಲರ್ ಶುಲ್ಕವಾದರೆ, ಹೊರಗಿನವರು ಅದರ ಮೇಲೆ 37,602 ಡಾಲರ್ ತೆರಬೇಕು. ಊಟ, ವಸತಿ ಬೇರೆ. ನಾಲ್ಕು ವರ್ಷಕ್ಕೆ ಈ ಹೆಚ್ಚುವರಿ ಮೊತ್ತವೇ ಒಂದೂವರೆ ಲಕ್ಷ ಡಾಲರ್!

2008ರ ಆರ್ಥಿಕ ಕುಸಿತದ ನಂತರ ರಾಜ್ಯಗಳು ಅನುದಾನ ಕಡಿತ ಮಾಡಿದಾಗ ಹಲವು ವಿಶ್ವವಿದ್ಯಾಲಯಗಳ ಕಣ್ಣು ಈ ಹಣದ ಮೇಲೆ ಬಿತ್ತು. ಮನೆಯವರು ಸುಮ್ಮನಿರುತ್ತಾರೆಯೇ? ಕ್ಯಾಲಿಫೋರ್ನಿಯಾದ ಲೆಕ್ಕ ಪರಿಶೋಧಕರು 2016ರ ವರದಿಯಲ್ಲಿ, ರಾಜ್ಯದ ಮಕ್ಕಳಿಗೆ ಅನ್ಯಾಯವಾಗುತ್ತಿದೆ ಎಂದು ವಿಶ್ವವಿದ್ಯಾಲಯವನ್ನು ತರಾಟೆಗೆ ತೆಗೆದುಕೊಂಡರು. ಮರುವರ್ಷವೇ ಹೊರಗಿನವರ ಪ್ರಮಾಣಕ್ಕೆ ಮಿತಿ ಬಂತು. ಉತ್ತರ ಕೆರೊಲಿನಾ 1986ರಲ್ಲೇ ಶೇ 18ರ ಮಿತಿ ಹಾಕಿತ್ತು. ಅಂದರೆ ಹಣವಿದ್ದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲ.

ಒಂದು ವರ್ಷ ಬಾಡಿಗೆ ಕೋಣೆ ಹಿಡಿದರೆ ಆ ರಾಜ್ಯದವರಾಗಬಹುದು ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಬಹುಮಟ್ಟಿಗೆ ಭ್ರಮೆ. ಹೊರಗಿನಿಂದ ಅರ್ಜಿ ಹಾಕಿದವರು ಓದು ಮುಗಿಯುವ ತನಕ ಹೊರಗಿನವರೇ ಎಂಬ ಕನೆಕ್ಟಿಕಟ್ ಕಾನೂನನ್ನು ಸುಪ್ರೀಂ ಕೋರ್ಟ್ 1973ರಲ್ಲಿ ರದ್ದುಪಡಿಸಿತಾದರೂ, ನಿಜವಾಗಿ ನೆಲೆಸಿದವರು ಯಾರೆಂದು ಪರೀಕ್ಷಿಸುವ ಹಕ್ಕನ್ನು ರಾಜ್ಯಗಳಿಗೇ ಬಿಟ್ಟಿತು. ತಂದೆತಾಯಿ ಎಲ್ಲಿದ್ದಾರೆ, ತೆರಿಗೆ ಎಲ್ಲಿ ಕಟ್ಟುತ್ತಾರೆ ಎಂಬುದೇ ಸಾಮಾನ್ಯವಾಗಿ ಮುಖ್ಯ.

ನೆರೆಹೊರೆಯ ಒಪ್ಪಂದಗಳೂ ಇವೆ. ಮಿನೆಸೋಟ, ವಿಸ್ಕಾನ್ಸಿನ್ ರಾಜ್ಯಗಳದು 1968ರಷ್ಟು ಹಳೆಯದು. ಪಶ್ಚಿಮದ ರಾಜ್ಯಗಳ ವಿನಿಮಯ ಯೋಜನೆಗೆ ಸೇರಿದ ಕಾಲೇಜುಗಳಲ್ಲಿ, ಆಯ್ಕೆಯಾದವರಿಗೆ ಸ್ಥಳೀಯ ಶುಲ್ಕದ ಒಂದೂವರೆ ಪಟ್ಟಿಗಿಂತ ಹೆಚ್ಚಿಲ್ಲ. ಇಂಥ ದಾರಿಯಿಲ್ಲದಿದ್ದರೆ, ಬೇಕಾದ ವಿಷಯ ಸ್ವಂತ ರಾಜ್ಯದಲ್ಲೇ ಸಿಗುವಾಗ ಬರಿಯ ಹೆಸರಿಗಾಗಿ ಪದವಿ ಹಂತದಲ್ಲೇ ಸಾಲ ಹೊರುವುದು ಜಾಣತನವಲ್ಲ.

ವೀಸಾದ ಮೇಲಿರುವವರಿಗೆ ಇನ್ನೊಂದು ತೊಡಕು. ವಿಶ್ವಬ್ಯಾಂಕಿನಂಥ ಸಂಸ್ಥೆಗಳ ವಿದೇಶಿ ನೌಕರರ ಮಕ್ಕಳಿಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸ್ಥಳೀಯ ದರ ನಿರಾಕರಿಸಿದ್ದು ತಪ್ಪೆಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಚ್-1ಬಿ ವೀಸಾದವರ ಮಕ್ಕಳನ್ನೂ ಹಲವು ರಾಜ್ಯಗಳು ನಿವಾಸಿಗಳೆಂದು ಒಪ್ಪುತ್ತವೆ. ಆದರೆ 21 ತುಂಬಿದ ದಿನ ಅವಲಂಬಿತರ ವೀಸಾ ಮುಗಿಯುತ್ತದೆ. ಗ್ರೀನ್ ಕಾರ್ಡಿನ ಸರದಿ ಅಷ್ಟರಲ್ಲಿ ಬಾರದಿದ್ದರೆ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಆಗ, ಕೆಲವು ರಾಜ್ಯಗಳಲ್ಲಿ, ಅದೇ ಊರಿನಲ್ಲಿ ಒಂದನೇ ತರಗತಿಯಿಂದ ಓದಿದ ಹುಡುಗಿಯೂ ಪದವಿಯ ನಡುವೆ ಹೊರಗಿನವಳಾಗಿಬಿಡುತ್ತಾಳೆ.