ಬೆಳಕಿನ ಬೆನ್ನಿಗಿರುವ ವಿದ್ಯುತ್ತು

ಭೂಮಿಯ ಎರಡೂ ಧ್ರುವಗಳ ಸುತ್ತ, ನೆಲದಿಂದ ಸುಮಾರು ನೂರು ಕಿಲೋಮೀಟರಿಗೂ ಎತ್ತರದಲ್ಲಿ, ತೆಳ್ಳನೆಯ ಗಾಳಿ ತಾನೇ ಹೊಳೆಯುವುದಕ್ಕೆ ಧ್ರುವಪ್ರಭೆ ಎಂದು ಹೆಸರು. ಭೂಮಿಯ ಕಾಂತರೇಖೆಗಳ ಗುಂಟ ಮೇಲಿನಿಂದ ಧಾವಿಸಿ ಬರುವ ಎಲೆಕ್ಟ್ರಾನುಗಳು ಅಲ್ಲಿನ ಆಮ್ಲಜನಕ, ಸಾರಜನಕಗಳಿಗೆ ಡಿಕ್ಕಿ ಹೊಡೆಯುತ್ತವೆ. ಡಿಕ್ಕಿಯಲ್ಲಿ ಸಿಕ್ಕ ಶಕ್ತಿಯನ್ನು ಆ ಅನಿಲಗಳು ಬೆಳಕಾಗಿ ಹೊರಬಿಡುತ್ತವೆ. ಸಾಮಾನ್ಯವಾಗಿ ಕಾಣುವ ಹಸಿರು ಆಮ್ಲಜನಕದ ಪರಮಾಣುವಿನದು. ಅದರ ತರಂಗಾಂತರ 557.7 ನ್ಯಾನೊಮೀಟರ್. ಇನ್ನೂರು ಕಿಲೋಮೀಟರಿಗಿಂತ ಮೇಲೆ ಹರಡುವ ಕಡುಗೆಂಪೂ ಅದೇ ಪರಮಾಣುವಿನದು. ಆದರೆ ಕೆಂಪು ಬೆಳಕನ್ನು ಬಿಡಲು ಅದಕ್ಕೆ ಹೆಚ್ಚುಕಡಿಮೆ ಎರಡು ನಿಮಿಷ ಬೇಕು. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟರೊಳಗೆ ಇನ್ನೊಂದು ಕಣ ಬಂದು ಬಡಿದು ಆ ಶಕ್ತಿಯನ್ನು ಕಸಿದುಕೊಂಡುಬಿಡುತ್ತದೆ. ಕೆಂಪು ಎತ್ತರದಲ್ಲೇ ಉಳಿಯಲು ಇದೇ ಕಾರಣ.

ಇಷ್ಟು ಚೆಲುವಾದ ಬೆಳಕಿನೆದುರು ಅದರ ಜೊತೆಗೇ ಹರಿಯುವ ವಿದ್ಯುತ್ತು ಯಾರ ಗಮನಕ್ಕೂ ಬಾರದಿರುವುದು ಸಹಜ. ಧ್ರುವಪ್ರಭೆಯ ಅಧ್ಯಯನ ಮುಂದುವರಿದದ್ದು ಮಾತ್ರ ಬಹುಮಟ್ಟಿಗೆ ಆ ಕಾಣದ ವಿದ್ಯುತ್ತಿನ ಜಾಡು ಹಿಡಿದೇ. ಮೊದಲ ಸುಳಿವು ಸಿಕ್ಕಿದ್ದು ಸ್ವೀಡನ್ನಿನ ಉಪ್ಸಾಲಾದಲ್ಲಿ. ಉಷ್ಣತೆಯ ಮಾಪನದಿಂದ ಹೆಸರಾದ ಆಂಡರ್ಸ್ ಸೆಲ್ಸಿಯಸ್ ಮತ್ತು ಅವರ ಜೊತೆಗಾರ ಓಲೋಫ್ ಹ್ಯೋರ್ಟರ್, ಆಕಾಶದಲ್ಲಿ ಪ್ರಭೆ ಕಾಣಿಸಿದಾಗಲೆಲ್ಲ ದಿಕ್ಸೂಚಿಯ ಮುಳ್ಳು ಓಲಾಡುವುದನ್ನು 1741ರಲ್ಲಿ ಕಂಡುಕೊಂಡರು. ಲಂಡನ್ನಿನಲ್ಲಿದ್ದ ಜಾರ್ಜ್ ಗ್ರಹಾಂ ಎಂಬವರ ದಿಕ್ಸೂಚಿಯ ಮುಳ್ಳೂ ಅಂಥದೊಂದು ದಿನ ಅದೇ ಹೊತ್ತಿಗೆ ಕದಲಿತ್ತು. ಮುಳ್ಳು ಕದಲಬೇಕಾದರೆ ಕಾಂತಕ್ಷೇತ್ರ ಬದಲಾಗಬೇಕು. ಎತ್ತರದಲ್ಲೆಲ್ಲೋ ವಿದ್ಯುತ್ತು ಹರಿದರೆ ಹಾಗಾಗುತ್ತದೆ ಎಂಬುದು ತಿಳಿಯಲು ಮುಂದಿನ ಶತಮಾನವೇ ಬರಬೇಕಾಯಿತು.

1859ರ ಸೆಪ್ಟೆಂಬರ್ 1ರಂದು ಇಂಗ್ಲೆಂಡಿನ ರಿಚರ್ಡ್ ಕ್ಯಾರಿಂಗ್ಟನ್ ಸೂರ್ಯನ ಕಲೆಗಳ ಚಿತ್ರ ಬರೆಯುತ್ತಿದ್ದಾಗ ಅಲ್ಲೊಂದು ಬಿಳಿಯ ಸ್ಫೋಟವನ್ನು ಕಂಡರು. ಒಂದು ದಿನ ಕಳೆಯುವುದರೊಳಗೆ ಭೂಮಿಯ ಕಾಂತಕ್ಷೇತ್ರವನ್ನೇ ಅಲುಗಾಡಿಸುವ ಭಾರಿ ಕಾಂತ ಬಿರುಗಾಳಿ ಎದ್ದಿತು. ಅಮೆರಿಕದಲ್ಲಿ ಬಾಸ್ಟನ್ ಮತ್ತು ಪೋರ್ಟ್‌ಲ್ಯಾಂಡ್ ನಡುವಿನ ತಂತಿ ಕಚೇರಿಯವರು ಬ್ಯಾಟರಿಗಳನ್ನು ಕಳಚಿಟ್ಟು, ತಂತಿಯಲ್ಲಿ ತಾನಾಗಿ ಹುಟ್ಟಿದ ವಿದ್ಯುತ್ತಿನಿಂದಲೇ ಸಂದೇಶ ಕಳಿಸಿದರು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ಕಾಂತಮಾಪಕವೂ ಆ ಬಿರುಗಾಳಿಯನ್ನು ದಾಖಲಿಸಿತು. ಅದರ ತೀವ್ರತೆಯನ್ನು ಅಂದಾಜು ಮಾಡಲು ಇಂದಿಗೂ ಆಧಾರವಾಗಿರುವ ಅಪರೂಪದ ದಾಖಲೆಗಳಲ್ಲಿ ಅದೂ ಒಂದು.

ಸುಳಿವುಗಳನ್ನೆಲ್ಲ ಜೋಡಿಸಿ ಒಂದು ಸಿದ್ಧಾಂತ ಕಟ್ಟಿದವರು ನಾರ್ವೆಯ ಕ್ರಿಸ್ಟಿಯನ್ ಬಿರ್ಕೆಲಾಂಡ್ (1867–1917). ದೇಶದ ಉತ್ತರದ ತುದಿಯಲ್ಲಿ, ಆಲ್ಟಾ ಊರಿನ ಬಳಿ, ಹಾಲ್ಡೆ ಬೆಟ್ಟದ ಮೇಲೆ ಸುಮಾರು 900 ಮೀಟರ್ ಎತ್ತರದಲ್ಲಿ ಅವರು ಕಲ್ಲಿನ ವೀಕ್ಷಣಾಲಯ ಕಟ್ಟಿಸಿ 1899–1900ರ ಚಳಿಗಾಲವನ್ನು ಅಲ್ಲಿ ಕಳೆದರು. ತಂಡದ ಒಬ್ಬ ಯುವಕ ಹಿಮಕುಸಿತಕ್ಕೆ ಬಲಿಯಾದ. 1902–03ರಲ್ಲಿ ಅವರು ನಾರ್ವೆ, ಐಸ್‌ಲೆಂಡ್, ಸ್ಪಿಟ್ಸ್‌ಬರ್ಗೆನ್, ನೋವಾಯ ಝೆಮ್ಲ್ಯಾ ಎಂಬ ನಾಲ್ಕು ಕಡೆ ಠಾಣೆ ಹೂಡಿ, ಒಂದೇ ಹೊತ್ತಿನಲ್ಲಿ ಕಾಂತಕ್ಷೇತ್ರವನ್ನು ಅಳೆಯಿಸಿದರು. ದಾಖಲೆಗಳನ್ನು ಹೋಲಿಸಿ ನೋಡಿದಾಗ, ಪ್ರಭೆಯ ಪಟ್ಟಿಯ ಗುಂಟ ಬೃಹತ್ತಾದ ವಿದ್ಯುತ್ ಪ್ರವಾಹ ಅಡ್ಡಡ್ಡ ಹರಿಯುತ್ತಿರುವುದು ಗೊತ್ತಾಯಿತು. ಅಂಥ ಪ್ರವಾಹ ಎಲ್ಲಿಂದಲೋ ಬರಬೇಕು, ಎಲ್ಲಿಗೋ ಹೋಗಬೇಕು. ಅದು ಅಂತರಿಕ್ಷದಿಂದ ಕಾಂತರೇಖೆಗಳ ಗುಂಟ ಇಳಿದು, ಸ್ವಲ್ಪ ದೂರ ಅಡ್ಡ ಹರಿದು, ಮತ್ತೆ ಅಂಥದೇ ರೇಖೆಗಳ ಗುಂಟ ಮೇಲೇರುತ್ತದೆ ಎಂದು ಬಿರ್ಕೆಲಾಂಡ್ 1908ರಲ್ಲಿ ಪ್ರಕಟಿಸಿದರು. ಅವರ ಪ್ರಯೋಗಾಲಯದಲ್ಲೂ, ಗಾಳಿ ತೆಗೆದ ಗಾಜಿನ ಪೆಟ್ಟಿಗೆಯಲ್ಲಿ ಕಾಂತೀಯ ಗೋಲವೊಂದನ್ನಿಟ್ಟು ಎಲೆಕ್ಟ್ರಾನುಗಳನ್ನು ಹಾಯಿಸಿದಾಗ ಆ ಗೋಲದ ಧ್ರುವಗಳ ಸುತ್ತ ಹೊಳೆಯುವ ಉಂಗುರಗಳು ಮೂಡಿದ್ದವು.

ಅವರ ಸಹೋದ್ಯೋಗಿ ಕಾರ್ಲ್ ಸ್ಟೋರ್ಮರ್, ಪ್ರಭೆ ಎಷ್ಟು ಎತ್ತರದಲ್ಲಿದೆ ಎಂಬ ಪ್ರಶ್ನೆಯನ್ನು ಬಗೆಹರಿಸಿದರು. ಕೆಲವು ಕಿಲೋಮೀಟರ್ ಅಂತರದಲ್ಲಿ ನಿಂತ ಇಬ್ಬರು ಟೆಲಿಫೋನಿನಲ್ಲಿ ಮಾತಾಡಿಕೊಂಡು ಒಂದೇ ಕ್ಷಣಕ್ಕೆ ಪ್ರಭೆಯ ಫೋಟೊ ತೆಗೆಯುವುದು, ಹಿನ್ನೆಲೆಯ ನಕ್ಷತ್ರಗಳೆದುರು ಅದು ಎಷ್ಟು ಸರಿದಿದೆ ಎಂದು ಲೆಕ್ಕ ಹಾಕುವುದು: ಇದು ಅವರ ವಿಧಾನ. ಪ್ರಭೆಯ ಕೆಳಅಂಚು ಸಾಮಾನ್ಯವಾಗಿ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುತ್ತದೆ ಎಂಬುದು ಹೀಗೆ ಖಚಿತವಾಯಿತು.

ಬಿರ್ಕೆಲಾಂಡರ ಪ್ರವಾಹಗಳನ್ನು ಮಾತ್ರ ವಿಜ್ಞಾನಲೋಕ ದಶಕಗಳ ಕಾಲ ಒಪ್ಪಲಿಲ್ಲ. ಬ್ರಿಟನ್ನಿನ ಹೆಸರಾಂತ ಗಣಿತಜ್ಞ ಸಿಡ್ನಿ ಚಾಪ್ಮನ್, ಪ್ರವಾಹವೆಲ್ಲ ಅಯಾನುಗೋಳದ, ಎಂದರೆ ವಿದ್ಯುದಾವೇಶದ ಕಣಗಳಿರುವ ಎತ್ತರದ ಗಾಳಿಪದರದ, ಒಳಗೇ ಸುತ್ತಿ ಮುಗಿಯುತ್ತದೆ ಎಂದು ವಾದಿಸಿದರು. ಸ್ವೀಡನ್ನಿನ ಹಾನೆಸ್ ಆಲ್ಫ್ವೆನ್ 1939ರಿಂದಲೇ ಬಿರ್ಕೆಲಾಂಡರ ಪರವಾಗಿ ನಿಂತರೂ ವಾದ ತೀರಲಿಲ್ಲ. ಇದರಲ್ಲಿ ಬರಿಯ ಹಟಮಾರಿತನವನ್ನು ಕಾಣುವುದು ಚಾಪ್ಮನ್‌ಗೆ ಅನ್ಯಾಯ ಮಾಡಿದಂತೆ. ಕಾಂತರೇಖೆಗಳ ಗುಂಟ ಇಳಿದೇರುವ ಪ್ರವಾಹವೂ, ಅವೆರಡನ್ನು ಮೇಲೆ ಬೆಸೆಯುವ ಪ್ರವಾಹದ ಒಂದು ಭಾಗವೂ ನೆಲದ ಮೇಲೆ ಉಂಟುಮಾಡುವ ಕಾಂತ ಪರಿಣಾಮಗಳು ಹೆಚ್ಚುಕಡಿಮೆ ಒಂದನ್ನೊಂದು ಅಳಿಸಿಹಾಕುತ್ತವೆ. ಕೆಳಗಿನ ಉಪಕರಣಕ್ಕೆ ಸಿಗುವುದು ಮುಖ್ಯವಾಗಿ ಅಡ್ಡ ಸುತ್ತುವ ಪ್ರವಾಹದ ಗುರುತು ಮಾತ್ರ. ಎಂದಮೇಲೆ ನೆಲದ ಅಳತೆ ಎಷ್ಟೇ ನಿಖರವಾಗಿದ್ದರೂ ಅದೊಂದರಿಂದಲೇ ಇಬ್ಬರಲ್ಲಿ ಯಾರು ಸರಿ ಎಂದು ಹೇಳಲು ಬರುತ್ತಿರಲಿಲ್ಲ. ಉಪಕರಣವನ್ನೇ ಪ್ರವಾಹದ ನಡುವೆ ಒಯ್ಯಬೇಕಿತ್ತು.

ಆ ಕೆಲಸ ಮಾಡಿದ್ದು ಉಪಗ್ರಹಗಳು. ಅಮೆರಿಕದ ನೌಕಾಪಡೆಯ 1963-38C ಎಂಬ ಉಪಗ್ರಹ ಸುಮಾರು 1,100 ಕಿಲೋಮೀಟರ್ ಎತ್ತರದಲ್ಲಿ ಧ್ರುವಪ್ರಭೆಯ ವಲಯವನ್ನು ದಾಟುವಾಗೆಲ್ಲ ಅದರ ಕಾಂತಮಾಪಕ ಹಠಾತ್ತನೆ ಅಡ್ಡ ದಿಕ್ಕಿನ ಏರುಪೇರು ತೋರಿಸುತ್ತಿತ್ತು. ಆಲ್ಫ್ರೆಡ್ ಝ್ಮೂಡಾ ಮತ್ತು ಸಂಗಡಿಗರು 1966ರಲ್ಲಿ ಇದನ್ನು ವರದಿ ಮಾಡಿದಾಗ ಕಾಂತಕ್ಷೇತ್ರದ ಅಲೆಗಳೆಂದೇ ಭಾವಿಸಿದ್ದರು. ಮರುವರ್ಷ ಕಮಿಂಗ್ಸ್ ಮತ್ತು ಡೆಸ್ಲರ್ ಎಂಬ ವಿಜ್ಞಾನಿಗಳು, ಇವು ಬಿರ್ಕೆಲಾಂಡ್ ಹೇಳಿದ ಪ್ರವಾಹಗಳೇ ಎಂದು ವಿವರಿಸಿದರು. 1972ರಲ್ಲಿ ಹಾರಿದ ಟ್ರಯಾಡ್ ಉಪಗ್ರಹದ ಅಳತೆಗಳಿಂದ ಇಯಿಜಿಮಾ ಮತ್ತು ಪೊಟೆಮ್ರಾ 1976ರಲ್ಲಿ ನಕ್ಷೆಯನ್ನೇ ಬರೆದರು: ಧ್ರುವವನ್ನು ಸುತ್ತುವರಿದು ಒಂದರೊಳಗೊಂದು ಎರಡು ಉಂಗುರ. ಧ್ರುವದ ಕಡೆಯ ಉಂಗುರದಲ್ಲಿ ಪ್ರವಾಹವು ಬೆಳಗಿನ ಭಾಗದಲ್ಲಿ ಇಳಿದು ಸಂಜೆಯ ಭಾಗದಲ್ಲಿ ಏರುತ್ತದೆ. ಹೊರಗಿನದರಲ್ಲಿ ಇದಕ್ಕೆ ತದ್ವಿರುದ್ಧ. ಒಟ್ಟು ಪ್ರಮಾಣ ಹತ್ತು ಲಕ್ಷ ಆಂಪಿಯರುಗಳ ಲೆಕ್ಕದಲ್ಲಿದೆ.

ಈ ವಿದ್ಯುತ್ ಮಂಡಲಕ್ಕೆ ಶಕ್ತಿ ಸೌರಮಾರುತದ್ದು, ಎಂದರೆ ಸೂರ್ಯನಿಂದ ಸದಾ ಹೊರಬೀಸುವ ವಿದ್ಯುತ್ಕಣಗಳ ಹರಿವಿನದು. ಅದು ಭೂಮಿಯ ಕಾಂತಗೋಳವನ್ನು ಉಜ್ಜಿಕೊಂಡು ಸಾಗುವಾಗ ವಿದ್ಯುತ್ ಒತ್ತಡ ಹುಟ್ಟುತ್ತದೆ, ಕಾಂತರೇಖೆಗಳು ತಂತಿಗಳಾಗುತ್ತವೆ, ಅಯಾನುಗೋಳವೇ ವಿದ್ಯುತ್ತನ್ನು ಬಳಸಿಕೊಳ್ಳುವ ಕೊನೆ. ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಭಾರವಾದ ಅಯಾನುಗಳು ಗಾಳಿಗೆ ಬಡಿದು ನಿಲ್ಲುತ್ತವೆ, ಹಗುರ ಎಲೆಕ್ಟ್ರಾನುಗಳು ಸರಾಗವಾಗಿ ಸಾಗುತ್ತವೆ. ಈ ವ್ಯತ್ಯಾಸವೇ ಅಡ್ಡ ಹರಿಯುವ ಪ್ರವಾಹ. ಪ್ರವಾಹ ಮೇಲೇರುವ ಜಾಗದಲ್ಲಿ ಎಲೆಕ್ಟ್ರಾನುಗಳು ಕೆಳಗಿಳಿಯುತ್ತಿರುತ್ತವೆ. ಉಜ್ವಲವಾದ ಪ್ರಭೆಯ ಪಟ್ಟಿಗಳು ಕಾಣುವುದು ಮುಖ್ಯವಾಗಿ ಅಲ್ಲೇ.

ಇಂದು ಇದನ್ನು ಹಲವು ಕಡೆಯಿಂದ ಅಳೆಯುತ್ತಾರೆ. ಉತ್ತರ ಸ್ಕ್ಯಾಂಡಿನೇವಿಯದ ಐಸ್ಕ್ಯಾಟ್ ರೇಡಾರುಗಳು 1981ರಿಂದ ಅಯಾನುಗೋಳದ ಸಾಂದ್ರತೆ, ಉಷ್ಣತೆಗಳನ್ನು ಓದುತ್ತಿವೆ. ಯುರೋಪಿನ ಮೂರು ಸ್ವಾರ್ಮ್ ಉಪಗ್ರಹಗಳನ್ನು 2013ರ ನವೆಂಬರಿನಲ್ಲಿ ಹಾರಿಸಲಾಯಿತು. ಅವುಗಳಲ್ಲಿ ಎರಡು ಅಕ್ಕಪಕ್ಕ ಹಾರುವುದರಿಂದ ನಡುವೆ ಹರಿಯುವ ಪ್ರವಾಹವನ್ನು ನೇರವಾಗಿಯೇ ಲೆಕ್ಕ ಹಾಕಬಹುದು. ಇದರ ಅಗತ್ಯ ಕೇವಲ ಕುತೂಹಲದ್ದಲ್ಲ. 1989ರ ಮಾರ್ಚ್ 13ರಂದು ಮೇಲಿನ ಪ್ರವಾಹಗಳು ಏರುಪೇರಾಗಿ ನೆಲದಲ್ಲೂ ವಿದ್ಯುತ್ತು ಹರಿದಾಗ ಕೆನಡಾದ ಕ್ವಿಬೆಕ್ ಪ್ರಾಂತದ ವಿದ್ಯುತ್ ಜಾಲ ಕುಸಿದು, ಸುಮಾರು 60 ಲಕ್ಷ ಜನ ಒಂಬತ್ತು ತಾಸು ಕತ್ತಲಲ್ಲಿದ್ದರು.

ಭಾರತದ ಮೇಲೆ ಹಾಯುವುದು ಧ್ರುವಪ್ರಭೆಯ ಪ್ರವಾಹದ್ದೇ ಜಾತಿಯ ಇನ್ನೊಂದು ಪ್ರವಾಹ. ಕಾಂತ ಸಮಭಾಜಕದ ಗುಂಟ ಹಗಲು ಹೊತ್ತು ಪೂರ್ವಕ್ಕೆ ಹರಿಯುವ ಅದರ ಅಧ್ಯಯನಕ್ಕೆ ಅನುಕೂಲವೆಂದೇ ಕೇರಳದ ತುಂಬಾದಲ್ಲಿ ರಾಕೆಟ್ ಕೇಂದ್ರ ತೆರೆದು, 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿಸಲಾಯಿತು. ಇನ್ನು 2024ರ ಮೇ 10–11ರ ಬಿರುಗಾಳಿಯಲ್ಲಿ ಧ್ರುವಪ್ರಭೆಯ ಕೆಂಪು ಹೊಳಪು ಲಡಾಖಿನ ಹಾನ್ಲೆಯ ಬಾನಂಚಿನವರೆಗೂ ಬಂದಿತ್ತು. ಅದನ್ನು ಸೆರೆಹಿಡಿದದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಅಲ್ಲಿ ನಡೆಸುವ ವೀಕ್ಷಣಾಲಯದ ಕ್ಯಾಮೆರಾಗಳು.