ಎರವಲು ಬಂದ ಹಿರಿಯ ಆಟಗಾರ: ಲಾಭ ನಷ್ಟದ ಲೆಕ್ಕ ಹಾಕುವುದು ಹೇಗೆ?



ಏರ್ಕಾಡ್ ಆಗಲಿ, ಸೇಲಂ, ಧರ್ಮಪುರಿ, ಹೊಸೂರು ಆಗಲಿ, ಫುಟ್‌ಬಾಲ್ ಟೂರ್ನಿ ಹತ್ತಿರ ಬಂತೆಂದರೆ ತಂಡಗಳಲ್ಲಿ ಒಂದು ವಾದ ಶುರುವಾಗುತ್ತದೆ. "ನಾಲ್ಕು ಪಂದ್ಯಕ್ಕೆ ಹೊರಗಿನಿಂದ ಒಬ್ಬ ಅನುಭವಿಯನ್ನು ಕರೆಸೋಣ" ಎನ್ನುವವರು ಒಂದು ಕಡೆ. "ಹಾಗಾದರೆ ನಮ್ಮ ಹುಡುಗರು ಬೆಂಚು ಕಾಯಬೇಕಾ?" ಎನ್ನುವವರು ಇನ್ನೊಂದು ಕಡೆ. ಕರೆಸಿದ ಮೇಲೂ ವಾದ ಮುಗಿಯುವುದಿಲ್ಲ. ಬಂದವರು ಎರಡು ಗೋಲು ಹೊಡೆದರೆ ದುಡ್ಡು ವಸೂಲಾಯಿತು ಎನ್ನುತ್ತೇವೆ. ಹೊಡೆಯದೆ ಹೋದರೆ ದಂಡವಾಯಿತು ಎನ್ನುತ್ತೇವೆ.

ಈ ಲೆಕ್ಕ ಅರ್ಧ ಲೆಕ್ಕ ಎಂಬುದು ನಮ್ಮ ಅಭಿಪ್ರಾಯ. ಏಕೆಂದು ವಿವರಿಸಲು ನಮಗೆಲ್ಲ ಗೊತ್ತಿರುವ ಆಟಗಾರರೊಬ್ಬರ ಉದಾಹರಣೆಯನ್ನೇ ತೆಗೆದುಕೊಂಡಿದ್ದೇವೆ: ಬೆಂಗಳೂರು ಎಫ್‌ಸಿ ನಾಯಕರಾಗಿದ್ದ ಸುನಿಲ್ ಚೆಟ್ರಿ. ಅವರು 2015 ಮತ್ತು 2016ರಲ್ಲಿ ಎರಡು ಸಲ ಮುಂಬೈ ಸಿಟಿ ಎಫ್‌ಸಿಗೆ ಎರವಲು ಹೋಗಿ ಆಡಿದರು. ಆಟಗಾರ ಅವರೇ, ತಂಡವೂ ಅದೇ. ಆದರೆ ಎರಡು ವರ್ಷದ ಫಲಿತಾಂಶ ಒಂದಕ್ಕೊಂದು ತದ್ವಿರುದ್ಧ.

ಎರವಲು ಎಂದರೆ ಏನು?

ಮೊದಲು ಪದ್ಧತಿಯನ್ನು ತಿಳಿಯೋಣ. ಎರವಲಿನಲ್ಲಿ ಆಟಗಾರನನ್ನು ಮಾರುವುದಿಲ್ಲ. ಮೂಲ ಕ್ಲಬ್ಬಿನ ಜೊತೆಗಿನ ಕರಾರು ಹಾಗೆಯೇ ಇರುತ್ತದೆ. ಕೆಲವು ವಾರ ಅಥವಾ ತಿಂಗಳು ಬೇರೆ ತಂಡಕ್ಕೆ ಆಡಿ, ಅವಧಿ ಮುಗಿದ ಮೇಲೆ ಮರಳಿ ಬರುತ್ತಾನೆ. ಆದ್ದರಿಂದ ಇಲ್ಲಿ ಕೊಟ್ಟ ಕ್ಲಬ್, ಪಡೆದ ಕ್ಲಬ್ ಮತ್ತು ಆಟಗಾರ ಎಂದು ಮೂರು ಪಕ್ಷಗಳಿವೆ. ಲಾಭ ನಷ್ಟವನ್ನೂ ಮೂರು ಕಡೆಯಿಂದ ನೋಡಬೇಕು.

2015ರಲ್ಲಿ ಭಾರತದಲ್ಲಿ ಇದಕ್ಕೆ ಒಂದು ವಿಶೇಷ ಕಾರಣವಿತ್ತು. ಆಗ ಐ ಲೀಗ್ ಮತ್ತು ಐಎಸ್‌ಎಲ್ ಎಂಬ ಎರಡು ಲೀಗ್‌ಗಳು ಬೇರೆ ಬೇರೆ ತಿಂಗಳುಗಳಲ್ಲಿ ನಡೆಯುತ್ತಿದ್ದವು. ಬೆಂಗಳೂರು ಎಫ್‌ಸಿ ಇದ್ದದ್ದು ಐ ಲೀಗ್‌ನಲ್ಲಿ. ಆ ವರ್ಷ ಮೇ 31ರಂದು ಕಂಠೀರವ ಕ್ರೀಡಾಂಗಣದಲ್ಲಿ ಮೋಹನ್ ಬಾಗನ್ ಜೊತೆ 1–1 ಡ್ರಾ ಮಾಡಿಕೊಂಡು ಪ್ರಶಸ್ತಿ ಕೈತಪ್ಪಿದ ನೋವು ನಮ್ಮಲ್ಲಿ ಹಲವರಿಗೆ ಇನ್ನೂ ನೆನಪಿದೆ. ಆ ದಿನದ ನಂತರ ಮುಂದಿನ ಐ ಲೀಗ್ ಆರಂಭವಾದದ್ದು 2016ರ ಜನವರಿಯಲ್ಲಿ. ಅಂದರೆ ಏಳು ತಿಂಗಳು ಲೀಗ್ ಪಂದ್ಯವೇ ಇಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಐಎಸ್‌ಎಲ್ ಈ ಖಾಲಿ ಜಾಗದಲ್ಲಿ ಸರಿಯಾಗಿ ಕೂರುತ್ತಿತ್ತು.

2015: ಏಳು ಗೋಲು, ಆರನೇ ಸ್ಥಾನ

2015ರ ಜುಲೈನಲ್ಲಿ ನಡೆದ ಭಾರತೀಯ ಆಟಗಾರರ ಹರಾಜಿನಲ್ಲಿ ಮುಂಬೈ ಸಿಟಿ ತಂಡವು ಚೆಟ್ರಿ ಅವರನ್ನು 1.20 ಕೋಟಿ ರೂಪಾಯಿಗೆ ಪಡೆಯಿತು. ಆ ಹರಾಜಿನಲ್ಲಿ ಅದೇ ಅತಿ ದೊಡ್ಡ ಮೊತ್ತ. ಆಗ ಅವರಿಗೆ 31 ವರ್ಷ ತುಂಬುವುದರಲ್ಲಿತ್ತು. ಮೋಹನ್ ಬಾಗನ್‌ನಲ್ಲಿ 2002ರಲ್ಲಿ ವೃತ್ತಿ ಆರಂಭಿಸಿದ ಅವರು ಅಷ್ಟರಲ್ಲಿ ಭಾರತ ತಂಡದ ನಾಯಕರಾಗಿದ್ದರು. ಮುಂಬೈ ತಂಡಕ್ಕೆ ಫ್ರಾನ್ಸಿನ ನಿಕೊಲಸ್ ಅನೆಲ್ಕಾ ಆಟಗಾರರೂ ಹೌದು, ತರಬೇತುದಾರರೂ ಹೌದು.

ಚೆಟ್ರಿ ಆಡಿದ್ದು 11 ಪಂದ್ಯ, ಹೊಡೆದದ್ದು 7 ಗೋಲು. ಅಕ್ಟೋಬರ್ ಕೊನೆಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಎದುರು 5–1ರಿಂದ ಗೆದ್ದ ಪಂದ್ಯದಲ್ಲಿ ಹ್ಯಾಟ್ರಿಕ್ ಬಾರಿಸಿದರು. ಐಎಸ್‌ಎಲ್‌ನಲ್ಲಿ ಹ್ಯಾಟ್ರಿಕ್ ಗಳಿಸಿದ ಮೊದಲ ಭಾರತೀಯ ಅವರೇ. ಲೀಗ್ ಹಂತದ 14 ಪಂದ್ಯಗಳಲ್ಲಿ ಮುಂಬೈ ಗಳಿಸಿದ ಒಟ್ಟು ಗೋಲು 16. ಅದರಲ್ಲಿ 7 ಒಬ್ಬರದೇ.

ಇಷ್ಟನ್ನೇ ನೋಡಿದರೆ ಎರವಲು ಭರ್ಜರಿ ಯಶಸ್ಸು. ಹರಾಜಿನ ಬೆಲೆಯನ್ನು ಗೋಲಿಗೆ ಹಂಚಿದರೆ ಒಂದು ಗೋಲಿಗೆ ಸುಮಾರು 17 ಲಕ್ಷ ರೂಪಾಯಿ. ದೊಡ್ಡ ಮೊತ್ತ ಎನಿಸಬಹುದು, ಆದರೆ ಕೆಲಸವಂತೂ ಆಯಿತು.

ಪಾಯಿಂಟ್ಸ್ ಪಟ್ಟಿ ಬೇರೆಯದನ್ನೇ ಹೇಳುತ್ತದೆ. ಮುಂಬೈ 4 ಪಂದ್ಯ ಗೆದ್ದು, 4 ಡ್ರಾ ಮಾಡಿಕೊಂಡು, 6 ಸೋತು, 16 ಪಾಯಿಂಟ್ಸ್‌ನೊಂದಿಗೆ ಎಂಟು ತಂಡಗಳಲ್ಲಿ ಆರನೆಯದಾಯಿತು. ಸೆಮಿಫೈನಲ್ ದೂರವೇ ಉಳಿಯಿತು. ಏಕೆ? ಎದುರಾಳಿಗಳಿಗೆ ಬಿಟ್ಟುಕೊಟ್ಟ ಗೋಲು 26. ಗೋವಾ ಎದುರು ಒಂದೇ ಪಂದ್ಯದಲ್ಲಿ 7–0 ಸೋಲು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಹಾಗೆ, ಮುಂದಿನ ಸಾಲಿನವರು ಕಷ್ಟಪಟ್ಟು ಕಟ್ಟಿದ್ದನ್ನು ಹಿಂದಿನ ಸಾಲು ಉಳಿಸಿಕೊಳ್ಳಲಿಲ್ಲ.

ಇನ್ನೊಂದು ವಿಷಯವನ್ನೂ ಗಮನಿಸಬೇಕು. ಏಳರಲ್ಲಿ ಮೂರು ಗೋಲು ಬಂದದ್ದು 5–1ರಿಂದ ಗೆದ್ದ ಒಂದೇ ಪಂದ್ಯದಲ್ಲಿ. ಆ ಮೂರನ್ನು ಕಳೆದರೂ ಅಂಕ 2–1. ಉಳಿದ ಹತ್ತು ಪಂದ್ಯಗಳಿಗೆ ನಾಲ್ಕು ಗೋಲು. ಹ್ಯಾಟ್ರಿಕ್ಕಿನ ಬೆಲೆಯನ್ನು ಇದು ಕಡಿಮೆ ಮಾಡುವುದಿಲ್ಲ. ಒಟ್ಟು ಸಂಖ್ಯೆಯೊಂದೇ ಪೂರ್ತಿ ಚಿತ್ರ ಕೊಡುವುದಿಲ್ಲ ಎಂದಷ್ಟೇ ಇದರ ಅರ್ಥ.

2016: ಗೋಲಿಲ್ಲ, ಮೊದಲ ಸ್ಥಾನ

ಮರುವರ್ಷ ಚೆಟ್ರಿ ಮತ್ತೆ ಮುಂಬೈಗೆ ಹೋದರು, ಆದರೆ ತಡವಾಗಿ. ಐಎಸ್‌ಎಲ್ ಅಕ್ಟೋಬರ್ 1ರಂದೇ ಶುರುವಾಗಿತ್ತು. ಬೆಂಗಳೂರು ಎಫ್‌ಸಿ ಆಗ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿತ್ತು. ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ವಿರುದ್ಧ ಅಲ್ಲಿ 1–1 ಡ್ರಾ ಮಾಡಿಕೊಂಡು ಬಂದಿದ್ದ ತಂಡ, ಅಕ್ಟೋಬರ್ 19ರಂದು ಕಂಠೀರವದಲ್ಲಿ 3–1ರಿಂದ ಗೆದ್ದಿತು. ಚೆಟ್ರಿ ಎರಡು ಗೋಲು ಹೊಡೆದರು. ಎಎಫ್‌ಸಿ ಕಪ್ ಫೈನಲ್ ತಲುಪಿದ ಭಾರತದ ಮೊದಲ ಕ್ಲಬ್ ಎಂಬ ಹೆಸರು ಬೆಂಗಳೂರಿಗೆ ಬಂತು. ನವೆಂಬರ್ 5ರಂದು ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ಕ್ಲಬ್ ಎದುರು 1–0ರಿಂದ ಸೋತ ನಂತರವೇ ಅವರು ಮುಂಬೈ ತಂಡ ಸೇರಿದ್ದು.

ಆ ಸಲ ಅವರು ಆಡಿದ್ದು 6 ಪಂದ್ಯ. ಗೋಲು ಒಂದೂ ಇಲ್ಲ. ಆದರೆ ಮುಂಬೈ 23 ಪಾಯಿಂಟ್ಸ್ ಗಳಿಸಿ ಲೀಗ್ ಹಂತದಲ್ಲಿ ಮೊದಲ ಸ್ಥಾನ ಪಡೆಯಿತು! ಸೆಮಿಫೈನಲ್‌ನಲ್ಲಿ ಕೋಲ್ಕತ್ತ ಎದುರು ಎರಡೂ ಪಂದ್ಯ ಸೇರಿ 3–2ರಿಂದ ಸೋತಿತು ಎಂಬುದು ಬೇರೆ ಮಾತು.

ಎರಡು ವರ್ಷಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. 2015ರಲ್ಲಿ ಲೀಗ್ ಹಂತದಲ್ಲಿ ಮುಂಬೈ ಗಳಿಸಿದ ಗೋಲು 16. 2016ರಲ್ಲಿ ಗಳಿಸಿದ್ದೂ 16. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ಬದಲಾದದ್ದು ಬಿಟ್ಟುಕೊಟ್ಟ ಗೋಲು ಮಾತ್ರ. ಮೊದಲ ವರ್ಷ 26, ಎರಡನೇ ವರ್ಷ 8. ಹೊಸ ತರಬೇತುದಾರ ಅಲೆಕ್ಸಾಂಡ್ರೆ ಗಿಮರಾಯೆಸ್ ಅವರ ತಂಡ ಹಿಂದಿನ ಸಾಲನ್ನು ಗಟ್ಟಿ ಮಾಡಿಕೊಂಡಿತ್ತು.

ನಮ್ಮ ಲೇಖನದ ಮುಖ್ಯ ಮಾತು ಇದೇ. ಎರವಲು ಬಂದವರು ಎಷ್ಟು ಚೆನ್ನಾಗಿ ಆಡಿದರು ಎಂಬುದು ಒಂದು ಪ್ರಶ್ನೆ. ತಂಡದ ಕೊರತೆ ಇದ್ದ ಜಾಗಕ್ಕೇ ಅವರನ್ನು ತಂದರೇ ಎಂಬುದು ಇನ್ನೊಂದು ಪ್ರಶ್ನೆ. 2015ರಲ್ಲಿ ಚೆಟ್ರಿ ತಮ್ಮ ಕೆಲಸವನ್ನು ಪೂರ್ತಿ ಮಾಡಿದರು. ಮುಂಬೈನ ದೊಡ್ಡ ಕೊರತೆ ಇದ್ದದ್ದು ಸ್ಟ್ರೈಕರ್ ಜಾಗದಲ್ಲಲ್ಲ. ಸೂರು ಸೋರುವ ಮನೆಗೆ ಒಳ್ಳೆಯ ಬಾಗಿಲು ಹಾಕಿಸಿದಂತೆ ಆಯಿತು. ಬಾಗಿಲಿನ ತಪ್ಪೇನೂ ಇಲ್ಲ.

ಕೊಟ್ಟವರಿಗೆ ಏನು ಸಿಕ್ಕಿತು?

ಸಾಮಾನ್ಯವಾಗಿ ನಾವು ಮರೆಯುವುದು ಕೊಟ್ಟ ಕ್ಲಬ್ಬನ್ನು. ಎರವಲು ಕೊಟ್ಟ ಆಟಗಾರ ಅಲ್ಲಿ ಕಾಲು ಮುರಿದುಕೊಂಡರೆ ನಷ್ಟ ಇವರದು. ಆ ಭಯವಿದ್ದೂ ಬೆಂಗಳೂರು ಒಪ್ಪಿತು. ಏಳು ತಿಂಗಳು ಲೀಗ್ ಪಂದ್ಯವಿಲ್ಲದೆ ಕೂರಬೇಕಾಗಿದ್ದ ನಾಯಕ, ಮೂರು ತಿಂಗಳು ಗಟ್ಟಿ ಸ್ಪರ್ಧೆಯಲ್ಲಿ ಆಡಿ ಮರಳಿದರು. 2016ರ ಜನವರಿ 3ರಂದು ತಿರುವನಂತಪುರದಲ್ಲಿ ನಡೆದ ಸ್ಯಾಫ್ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಅಫ್ಗಾನಿಸ್ತಾನದ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಗೆಲುವಿನ ಗೋಲು ಹೊಡೆದವರು ಅವರೇ. ಏಪ್ರಿಲ್‌ನಲ್ಲಿ ಬೆಂಗಳೂರು ಮತ್ತೆ ಐ ಲೀಗ್ ಚಾಂಪಿಯನ್ ಆಯಿತು. ಎಲ್ಲವೂ ಎರವಲಿನಿಂದಲೇ ಆಯಿತು ಎನ್ನಲಾಗದು. ಎರವಲಿನಿಂದ ಕ್ಲಬ್ಬಿಗೆ ಕೇಡಾಗಲಿಲ್ಲ ಎಂದು ಖಂಡಿತ ಹೇಳಬಹುದು.

2016ರಲ್ಲಿ ಬೆಂಗಳೂರು ಇನ್ನೂ ಜಾಣತನ ತೋರಿತು. ತನಗೆ ಬೇಕಾದ ದೊಡ್ಡ ಪಂದ್ಯಗಳು ಮುಗಿಯುವವರೆಗೆ ನಾಯಕನನ್ನು ಬಿಟ್ಟುಕೊಡಲಿಲ್ಲ. ಜೊಹೊರ್ ವಿರುದ್ಧದ ಆ ಎರಡು ಗೋಲುಗಳೇ ಅದಕ್ಕೆ ಸಾಕ್ಷಿ.

ಆಟಗಾರನಿಗೆ ಬೇಕಾದದ್ದು ಮೈದಾನದಲ್ಲಿ ಕಳೆಯುವ ನಿಮಿಷಗಳು. ಚೆಟ್ರಿ ಅವರ ಹಿಂದಿನ ಎರವಲನ್ನೇ ನೋಡಿ. ಪೋರ್ಚುಗಲ್‌ನ ಸ್ಪೋರ್ಟಿಂಗ್ ಕ್ಲಬ್ಬಿನಲ್ಲಿ ಆಡಲು ಹೆಚ್ಚು ಅವಕಾಶ ಸಿಗದಿದ್ದಾಗ, 2013ರಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್‌ಗೆ ಎರವಲು ಬಂದು 8 ಪಂದ್ಯಗಳಲ್ಲಿ 4 ಗೋಲು ಹೊಡೆದರು. ಚರ್ಚಿಲ್ ಆ ವರ್ಷ ಐ ಲೀಗ್ ಗೆದ್ದಿತು. ಅದೇ ವರ್ಷ ಅವರು ಹೊಸದಾಗಿ ಹುಟ್ಟಿದ ಬೆಂಗಳೂರು ಎಫ್‌ಸಿ ಸೇರಿದರು. ಮುಂದಿನದು ನಮಗೆಲ್ಲ ಗೊತ್ತು.

ಹತ್ತು ವಾರದ ಲಾರ್ಸನ್

ಹೊರದೇಶದ ಒಂದು ಉದಾಹರಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ಸ್ವೀಡನ್ನಿನ ಹೆನ್ರಿಕ್ ಲಾರ್ಸನ್ 35ನೇ ವಯಸ್ಸಿನಲ್ಲಿ, 2007ರ ಜನವರಿಯಿಂದ ಮಾರ್ಚ್‌ವರೆಗೆ ಸುಮಾರು ಹತ್ತು ವಾರ ಹೆಲ್ಸಿಂಗ್‌ಬೋರಿ ಕ್ಲಬ್ಬಿನಿಂದ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಎರವಲು ಹೋದರು. ಕಾರಣ ನಮ್ಮದೇ: ಚಳಿಗಾಲದಲ್ಲಿ ಸ್ವೀಡನ್ನಿನ ಲೀಗ್‌ಗೆ ರಜೆ. 13 ಪಂದ್ಯ, 3 ಗೋಲು. ಸಂಖ್ಯೆ ಸಣ್ಣದು. ಆದರೆ ಅದರಲ್ಲಿ ಒಂದು ಚಾಂಪಿಯನ್ಸ್ ಲೀಗ್‌ನಲ್ಲಿ ಲಿಲ್ ವಿರುದ್ಧದ 1–0 ಗೆಲುವಿನ ಏಕೈಕ ಗೋಲು. ತಂಡ ಆ ವರ್ಷ ಪ್ರೀಮಿಯರ್ ಲೀಗ್ ಗೆದ್ದಾಗ, ಪದಕಕ್ಕೆ ಬೇಕಾದಷ್ಟು ಪಂದ್ಯ ಆಡಿರದಿದ್ದರೂ ಲಾರ್ಸನ್ ಅವರಿಗೆ ವಿಶೇಷ ಅನುಮತಿಯಿಂದ ಪದಕ ಕೊಡಲಾಯಿತು. ತಂಡಕ್ಕೆ ಬೇಕಾಗಿದ್ದದ್ದು ಋತುವಿನ ಮಧ್ಯದ ಬಿಗಿ ವಾರಗಳಲ್ಲಿ ನಂಬಬಹುದಾದ ಒಬ್ಬ ಫಾರ್ವರ್ಡ್. ಸಿಕ್ಕಿದ್ದೂ ಅದೇ.

ನಮ್ಮ ಊರಿನ ಲೆಕ್ಕ

ನಮ್ಮ ಬೆಟ್ಟದ ಕಾಫಿ ತೋಟಗಳ ಮಾತಿನಲ್ಲಿ ಹೇಳುವುದಾದರೆ, ಕೊಯ್ಲಿನ ಕಾಲಕ್ಕೆ ಹದಿನೈದು ದಿನ ಅನುಭವಿಗಳನ್ನು ಕರೆಸಿದಾಗ ಎಷ್ಟು ಚೀಲ ತುಂಬಿತು ಎಂದಷ್ಟೇ ಯಾರೂ ನೋಡುವುದಿಲ್ಲ. ಹಣ್ಣಿನ ಜೊತೆ ಹಸಿರು ಕಾಯಿ ಎಷ್ಟು ಬಿತ್ತು, ಕೊಂಬೆ ಮುರಿಯಿತೇ, ಜೊತೆಗಿದ್ದ ಹೊಸಬರು ಕೈ ಹೇಗೆ ಆಡಿಸಬೇಕೆಂದು ಕಲಿತರೇ ಎಂದೂ ನೋಡುತ್ತಾರೆ. ಫುಟ್‌ಬಾಲ್‌ಗೂ ಈ ಕಣ್ಣು ಬೇಕು.

ದೊಡ್ಡ ಕ್ಲಬ್ಬುಗಳಿಗೆ ಹಣ ಹೋದರೆ ಮತ್ತೆ ಬರುತ್ತದೆ. ನಮ್ಮ ಊರಿನ ತಂಡಗಳ ಕತೆ ಬೇರೆ. ಚಂದಾ ಎತ್ತಿದ ದುಡ್ಡಿನಲ್ಲಿ ಬೂಟು, ಚೆಂಡು, ಬಸ್ ಚಾರ್ಜು ಎಲ್ಲವೂ ಆಗಬೇಕು. ಹೊರಗಿನವರಿಗೆ ಕೊಟ್ಟ ಜಾಗ ಯಾರೋ ಹದಿನೇಳರ ಹುಡುಗನದು. ವರ್ಷಕ್ಕೆ ಒಂದೋ ಎರಡೋ ಟೂರ್ನಿ ನಡೆಯುವ ಕಡೆ, ಆ ಹುಡುಗನಿಗೆ ಇನ್ನೊಂದು ಅವಕಾಶ ಬರಲು ವರ್ಷವೇ ಕಾಯಬೇಕು. ಹಿತ್ತಲ ಗಿಡ ಮದ್ದಲ್ಲ ಎಂದುಕೊಂಡು ಅವನನ್ನು ಕೂರಿಸಿದರೆ, ಕಪ್ ಬಂದರೂ ತಂಡ ಬೆಳೆದಂತಾಗುವುದಿಲ್ಲ.

ಹಾಗೆಂದು ಹಿರಿಯರನ್ನು ಕರೆಸಲೇಬಾರದು ಎಂದು ನಾವು ಹೇಳುತ್ತಿಲ್ಲ. ಕರೆಸುವ ಮೊದಲೇ ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದಿಡಿ. ಟೂರ್ನಿ ಮುಗಿದ ಮೇಲೆ ಅದೇ ಹಾಳೆಯನ್ನು ತೆಗೆದು ನೋಡಿ.

1. ನಮ್ಮ ತಂಡದ ನಿಜವಾದ ಕೊರತೆ ಯಾವ ಜಾಗದಲ್ಲಿದೆ? ಬರುವವರು ಆ ಜಾಗದವರೇ?
2. ಅವರಿಗೆ ಎಷ್ಟು ಪಂದ್ಯ ಸಿಗುತ್ತದೆ? ಜೊತೆಗೆ ಅಭ್ಯಾಸ ಮಾಡಲು ದಿನಗಳಿವೆಯೇ?
3. ಅವರು ಬಂದರೆ ಹೊರಗೆ ಕೂರುವ ಹುಡುಗ ಯಾರು? ಅವನಿಗೆ ಬದಲಿಗೆ ಏನು ಕೊಡುತ್ತೇವೆ?
4. ಕಳಿಸುವ ತಂಡಕ್ಕೆ ಆ ದಿನಗಳಲ್ಲಿ ಪಂದ್ಯವಿದೆಯೇ? ಪೆಟ್ಟಾದರೆ ಚಿಕಿತ್ಸೆಯ ಖರ್ಚು ಯಾರದು?
5. ಅವರು ಹೋದ ಮೇಲೆ ನಮ್ಮಲ್ಲಿ ಉಳಿಯುವುದು ಏನು?

ಐದನೆಯದಕ್ಕೆ ಉತ್ತರ ಸಿಗುವುದು ಕಷ್ಟ, ಆದರೆ ಮುಖ್ಯವಾದದ್ದು ಅದೇ. ಬಂದ ಹಿರಿಯರು ಪಂದ್ಯದ ಹಿಂದಿನ ಸಂಜೆ ಹುಡುಗರ ಜೊತೆ ಒಂದು ಗಂಟೆ ಅಭ್ಯಾಸ ಮಾಡಲಿ ಎಂಬ ಷರತ್ತನ್ನು ಕರೆಸುವಾಗಲೇ ಹಾಕಬಹುದು. ಅದಕ್ಕೆ ಹೆಚ್ಚು ಖರ್ಚಿಲ್ಲ.

ಕೊನೆಗೆ ನಮ್ಮ ತೀರ್ಮಾನ. ಚೆಟ್ರಿ ಅವರ 2015ರ ಎರವಲು ಬೆಂಗಳೂರಿಗೂ ಅವರಿಗೂ ಸಾರ್ಥಕ. ಮುಂಬೈಗೆ ಅರ್ಧ ಸಾರ್ಥಕ. 2016ರದು ಮುಂಬೈಗೆ ಗೋಲಿನ ಲೆಕ್ಕದಲ್ಲಿ ಸೊನ್ನೆ. ಆದರೆ ಯಾವಾಗ ಕೊಡಬೇಕು, ಎಲ್ಲಿಯವರೆಗೆ ಇಟ್ಟುಕೊಳ್ಳಬೇಕು ಎಂದು ತಿಳಿದಿದ್ದ ಬೆಂಗಳೂರಿಗೆ ಪೂರ್ತಿ ಲಾಭ. 2017ರಲ್ಲಿ ಬೆಂಗಳೂರು ಎಫ್‌ಸಿಯೇ ಐಎಸ್‌ಎಲ್‌ಗೆ ಬಂದ ಮೇಲೆ ನಾಯಕನನ್ನು ಎರವಲು ಕಳಿಸುವ ಪ್ರಮೇಯವೇ ಬರಲಿಲ್ಲ.

ನಿಮ್ಮ ಊರಿನ ತಂಡ ಹೊರಗಿನ ಆಟಗಾರರನ್ನು ಕರೆಸಿದ್ದರೆ, ಈ ಐದು ಪ್ರಶ್ನೆಗಳ ಮೇಲೆ ಅದರ ಲೆಕ್ಕ ಹಾಕಿ ಸಂಘಕ್ಕೆ ಬರೆದು ಕಳಿಸಿ. ಹೊರಗೆ ಕೂತ ಹುಡುಗರು ಬರೆದರೆ ಇನ್ನೂ ಸಂತೋಷ. ಅವರ ಮಾತಿಗೆ ಇಲ್ಲಿ ಮೊದಲ ಜಾಗ.