ರಿಬ್ಬನ್ನಿನ ಸಾಕ್ಷ್ಯ
ಜರ್ಮನ್ ಸೈನಿಕರ ಹಳೆಯ ಪದಕಸಾಲುಗಳಲ್ಲಿ ಲೋಹಕ್ಕಿಂತ ರಿಬ್ಬನ್ನೇ ಹೆಚ್ಚು ಹೇಳುತ್ತದೆ. 1813ರಲ್ಲಿ ಪ್ರಷ್ಯದ ದೊರೆ ಮೂರನೆಯ ಫ್ರೆಡ್ರಿಕ್ ವಿಲ್ಹೆಲ್ಮನು ಸ್ಥಾಪಿಸಿದ ಕಬ್ಬಿಣದ ಶಿಲುಬೆಯನ್ನೇ ನೋಡಿ. ಕಾದಾಡಿದವನಿಗೆ ಬಿಳಿಯ ಅಂಚಿನ ಕಪ್ಪು ರಿಬ್ಬನ್. ಕಾದಾಡದೆ ಸೇವೆ ಸಲ್ಲಿಸಿದವನಿಗೆ ಕಪ್ಪು ಅಂಚಿನ ಬಿಳಿಯದು. 1914ರ ಮಹಾಯುದ್ಧದಲ್ಲಿಯೂ ಇದೇ ಪದ್ಧತಿ. ಶಿಲುಬೆ ಮಾತ್ರ ಇಬ್ಬರಿಗೂ ಒಂದೇ! ಆದುದರಿಂದ ವ್ಯಾಪಾರಿಯೊಬ್ಬನು ಹರಿದ ರಿಬ್ಬನ್ನನ್ನು ತೆಗೆದು ಬೇರೊಂದನ್ನು ಹೊಲಿದನೆಂದರೆ, ಗಾಯಾಳುಗಳನ್ನು ಉಪಚರಿಸಿದ ವೈದ್ಯನು ಮರಣಾನಂತರ ಕಾದಾಳುವಾಗಿಬಿಡುತ್ತಾನೆ.

ಅಪರಿಚಿತ ರಿಬ್ಬನ್ ಕಂಡಾಗ ಬಲ್ಲವರು ಅದರ ಹಿಂಬದಿಯನ್ನೂ ತಿರುಗಿಸಿ ನೋಡುತ್ತಾರೆ. ಬೆಳಕು ತಾಗದೆಡೆ ಮೂಲ ಬಣ್ಣ ಉಳಿದಿರಬಹುದಷ್ಟೆ. ಅನಂತರ ಅವರ ಕಣ್ಣು ಪಕ್ಕದ ರಿಬ್ಬನ್ನುಗಳತ್ತ ಹೊರಳುತ್ತದೆ. ಬವೇರಿಯ, ಸ್ಯಾಕ್ಸನಿ, ವುರ್ಟೆಂಬರ್ಗ್ ಮೊದಲಾದ ರಾಜ್ಯಗಳು ತಮ್ಮವೇ ಪದಕಗಳನ್ನು ಕೊಡುತ್ತಿದ್ದವು. ಹೆಸರು ಅಳಿದ ಯೋಧನ ನಾಡು ಯಾವುದೆಂಬ ಸುಳಿವು ಹಲವು ವೇಳೆ ಸಿಗುವುದು ಅಲ್ಲಿಯೇ.